ಅರ್ಜೆಂಟ್ ಕಂಪ್ಲೇಂಟ್ ಮೂರನೇ ಪೇಜಿಗೆ ಹೋಗಿದ್ದು ಯಾಕೆ: ಓಆರ್‌ಎಂನಲ್ಲಿ ಸಾರ್ಟ್ ಕೆಟ್ಟರೆ ಹುಡುಕುವ ಬಗೆ

ಮಾರ್ಚ್ ತಿಂಗಳ ಒಂದು ಬೆಳಗ್ಗೆ. ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು. ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಸೂಪರ್‌ವೈಸರ್ ಫೋನ್ ಮಾಡಿದರು.

"ಸಾರ್, ಬಿ ಬ್ಲಾಕ್ ಲಿಫ್ಟಲ್ಲಿ ಅಜ್ಜಿ ಒಬ್ರು ಸಿಕ್ಕಾಕ್ಕೊಂಡಿದ್ರು. ಮನೆಯವರು ಆಪಲ್ಲಿ ಅರ್ಜೆಂಟ್ ಅಂತಾನೇ ಹಾಕಿದಾರೆ. ನಂಗೆ ನೋಡಿದ್ರೆ ಮೂರನೇ ಪೇಜಲ್ಲಿದೆ. ಅದಕ್ಕಿಂತ ಮೇಲೆ ಗಾರ್ಡನ್ ಪೈಪ್ ಲೀಕು ಅಂತ ಕೂತಿದೆ. ಇದ್ಯಾವ ಸೀಮೆ ಅರ್ಜೆಂಟು ಸಾರ್?"

ಅಜ್ಜಿ ಆರಾಮಾಗಿದ್ದರು, ವಾಚ್‌ಮನ್ ಬಾಗಿಲು ತೆಗೆಸಿ ಕರೆದುಕೊಂಡು ಬಂದಿದ್ದರು. ಆದರೆ ಸೂಪರ್‌ವೈಸರ್ ಕೇಳಿದ್ದು ನ್ಯಾಯವಾಗೇ ಇತ್ತು. ನಾವು ಮಾಡಿಕೊಟ್ಟಿದ್ದ ಕಂಪ್ಲೇಂಟ್ ಆಪ್ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಮೇಲೆ ಓಡುತ್ತಿತ್ತು. ಪ್ರಯಾರಿಟಿ ಪ್ರಕಾರ ಸಾರ್ಟ್ ಆಗುತ್ತದೆ ಅಂತ ನಾನೇ ಡೆಮೋದಲ್ಲಿ ಹೇಳಿದ್ದೆ, ಅದೂ ಎರಡು ಸಲ.

ಆ ದಿನ ಅರ್ಧ ದಿನ ಹಾಳು ಮಾಡಿಕೊಂಡೆ. ಮೊದಲು ಕ್ಯಾಶ್ ಮೇಲೆ ಅನುಮಾನ ಪಟ್ಟೆ, ಅದನ್ನು ಖಾಲಿ ಮಾಡಿದೆ, ಆಮೇಲೆ ಪೇಜಿನೇಷನ್ ಕೋಡ್ ಮೂರು ಸಲ ಓದಿದೆ, ಆಮೇಲೆ ಬ್ರೌಸರ್ ಕಡೆಯ ಹುಡುಗನ ಜೊತೆ ಸುಮ್ನೆ ಜಗಳ ಆಡಿದೆ. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಆಮೇಲೆ ಬೇರೆ ಬೇರೆ ಪ್ರಾಜೆಕ್ಟುಗಳಲ್ಲಿ ಇದೇ ಜಾತಿಯ ಬಗ್‌ಗಳು ತುಂಬಾ ಸಿಕ್ಕವು. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅಂತ ಈಗ ಒಂದು ಅಭ್ಯಾಸ ಆಗಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಕೋಡಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ.

ಮೊದಲು: ಸಾರ್ಟ್ ಮಾಡುತ್ತಿರುವವರು ಯಾರು?

ಪರದೆ ಮೇಲೆ ಒಂದು ಪಟ್ಟಿ ಕಾಣುತ್ತದೆ ಅಂದರೆ ಅದರ ಕ್ರಮವನ್ನು ಕನಿಷ್ಠ ನಾಲ್ಕು ಜನ ಮುಟ್ಟಿರಬಹುದು. ಡೇಟಾಬೇಸ್, ಓಆರ್‌ಎಂ (ನಮ್ಮ ಕೋಡನ್ನು ಡೇಟಾಬೇಸಿನ ಭಾಷೆಗೆ ತಿರುಗಿಸಿ ಕೊಡುವ ಪದರ), ನಿಮ್ಮ ಪೈಥಾನ್ ಕೋಡ್, ಕೊನೆಗೆ ಬ್ರೌಸರ್. ಯಾರು ಕೆಡಿಸಿದರು ಅಂತ ಗೊತ್ತಾಗದೆ ರಿಪೇರಿಗೆ ಕೈ ಹಾಕಬೇಡಿ. ನಾನು ಮಾಡಿದ್ದು ಅದೇ ತಪ್ಪು.

ಓಆರ್‌ಎಂ ಕೋಡನ್ನು ಓದಿ ಊಹೆ ಮಾಡುವುದು ಬಿಟ್ಟು, ಅದು ಕಳಿಸಿದ ಎಸ್‌ಕ್ಯೂಎಲ್ (ಡೇಟಾಬೇಸಿನ ಭಾಷೆ) ನೋಡಿ. ಜಾಂಗೋದಲ್ಲಿ ಕ್ವೆರಿಸೆಟ್‌ನ (ಅಂದರೆ ಓಆರ್‌ಎಂನಲ್ಲಿ ಬರೆದ ಕ್ವೆರಿಯ) 'ಕ್ವೆರಿ'ಯನ್ನು ಪ್ರಿಂಟ್ ಮಾಡಿದರೆ ಕಾಣುತ್ತದೆ. ಅಲ್ಲಿ ವ್ಯಾಲ್ಯೂಗಳ ಸುತ್ತ ಕೋಟ್ ಚಿಹ್ನೆ ಇರುವುದಿಲ್ಲ, ಹಾಗಾಗಿ ಅದನ್ನೇ ಕಾಪಿ ಮಾಡಿ ಪಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್) ಓಡಿಸಿದರೆ ಎರರ್ ಬರಬಹುದು, ಗಾಬರಿ ಬೇಡ. ನಿಜವಾಗಿ ಹೋದ ಕ್ವೆರಿ ಬೇಕಿದ್ದರೆ ಡೀಬಗ್ ಆನ್ ಇಟ್ಟು 'ಕನೆಕ್ಷನ್.ಕ್ವೆರೀಸ್' ನೋಡಿ, ಇಲ್ಲಾ ಡೀಬಗ್ ಟೂಲ್‌ಬಾರ್ ಹಾಕಿಕೊಳ್ಳಿ. ಎಸ್‌ಕ್ಯೂಎಲ್‌ಆಲ್ಕೆಮಿ (ಪೈಥಾನ್‌ನ ಇನ್ನೊಂದು ಓಆರ್‌ಎಂ) ಆದರೆ ಎಂಜಿನ್ ಮಾಡುವಾಗ 'ಎಕೋ' ಅನ್ನು ಟ್ರೂ ಮಾಡಿದರೆ ಸಾಕು, ಎಲ್ಲಾ ಲಾಗ್‌ನಲ್ಲಿ ಸುರಿಯುತ್ತದೆ.

ಹುಡುಕಬೇಕಾದ್ದು ಒಂದೇ: ಕೊನೆಯಲ್ಲಿ 'ಆರ್ಡರ್ ಬೈ' ಇದೆಯಾ, ಇದ್ದರೆ ಅದರ ಮುಂದೆ ಏನಿದೆ. ಇನ್ನೂ ಬೇಗ ಬೇಕಿದ್ದರೆ ಜಾಂಗೋ ಕ್ವೆರಿಸೆಟ್‌ಗೆ 'ಆರ್ಡರ್ಡ್' ಅಂತ ಒಂದು ಗುಣ ಇದೆ. ಅದು ಫಾಲ್ಸ್ ಅಂದರೆ ನಿಮ್ಮ ಪಟ್ಟಿಗೆ ಕ್ರಮವೇ ಇಲ್ಲ ಅಂತ ಅರ್ಥ.

ಆ ಕ್ವೆರಿಯನ್ನೇ ನೇರವಾಗಿ ಡೇಟಾಬೇಸಿನಲ್ಲಿ ಓಡಿಸಿ. ಅಲ್ಲಿ ಕ್ರಮ ಸರಿ ಬಂದು ಪರದೆಯಲ್ಲಿ ತಪ್ಪು ಕಂಡರೆ ಪೈಥಾನ್ ಅಥವಾ ಬ್ರೌಸರ್ ಕಡೆ ಹೋಗಿ. ಅಲ್ಲೇ ತಪ್ಪಿದ್ದರೆ ಮುಂದೆ ಓದಿ.

'ಮೊನ್ನೆವರೆಗೂ ಸರಿ ಇತ್ತಲ್ಲ'

ಈ ಮಾತು ಕೇಳಿದ ಕೂಡಲೇ ನನಗೆ ಎರಡು ಅನುಮಾನ ಬರುತ್ತವೆ. ಒಂದು, 'ಆರ್ಡರ್ ಬೈ' ಇಲ್ಲವೇ ಇಲ್ಲ. ಇನ್ನೊಂದು, ಇದೆ, ಆದರೆ ಇಷ್ಟು ದಿನ ಅದೃಷ್ಟದಿಂದ ಸರಿ ಕಾಣುತ್ತಿತ್ತು.

ಮೊದಲನೆಯದು ಸುಲಭ. 'ಆರ್ಡರ್ ಬೈ' ಇಲ್ಲದ ಕ್ವೆರಿಗೆ ಡೇಟಾಬೇಸ್ ಯಾವ ಕ್ರಮದ ಮಾತೂ ಕೊಡುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿದರೆ ಹಳೆಯದು ಅಲ್ಲೇ ಉಳಿದು ಹೊಸ ಪ್ರತಿ ಬೇರೆ ಕಡೆ ಬರೆಯಲಾಗುತ್ತದೆ. ಹಾಗಾಗಿ ಬರೀ ಡೇಟಾ ಸೇರಿಸುತ್ತಿದ್ದಷ್ಟು ದಿನ ಪಟ್ಟಿ ಚೆನ್ನಾಗಿರುತ್ತದೆ, ಯಾರೋ ಒಂದು ಕಂಪ್ಲೇಂಟಿನ ಸ್ಟೇಟಸ್ ಬದಲಿಸಿದ ಕೂಡಲೇ ಆ ಸಾಲು ಎಲ್ಲೋ ಹೋಗಿ ಕೂರುತ್ತದೆ. ದೊಡ್ಡ ಟೇಬಲ್ ಆದರೆ ಇನ್ನೊಂದು ತಮಾಷೆ: ಒಬ್ಬರು ಟೇಬಲ್ ಪೂರ್ತಿ ಓದುತ್ತಿರುವಾಗ ಇನ್ನೊಬ್ಬರು ಬಂದರೆ, ಎರಡನೆಯವರ ಓದು ಮಧ್ಯದಿಂದ ಶುರುವಾಗಬಹುದು. 8.3ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಹಾಗೇ ಮಾಡುತ್ತದೆ, ಡಿಸ್ಕ್ ಓದು ಉಳಿಸುವುದಕ್ಕೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಹೆಚ್ಚಾಗಿ ಪ್ರೈಮರಿ ಕೀ ಕ್ರಮದಲ್ಲೇ ಬರುತ್ತದೆ, ಅದಕ್ಕೇ ಅಲ್ಲಿಂದ ಬಂದವರಿಗೆ ಪೋಸ್ಟ್‌ಗ್ರೆಸ್ ಮೊದಲ ವಾರವೇ ಕೈ ಕೊಡುತ್ತದೆ.

ನಮ್ಮದು ಎರಡನೆಯ ಜಾತಿ. 'ಆರ್ಡರ್ ಬೈ ಪ್ರಯಾರಿಟಿ' ಇತ್ತು. ಪ್ರಯಾರಿಟಿ ಅನ್ನೋದು ಅಕ್ಷರಗಳ ಕಾಲಂ, ಅದರೊಳಗೆ ಹೈ, ಲೋ, ಮೀಡಿಯಂ ಅಂತ ಇಂಗ್ಲಿಷ್ ಪದಗಳು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಚ್ ಮೊದಲು, ಆಮೇಲೆ ಎಲ್, ಆಮೇಲೆ ಎಂ. ಹೈ ಮೇಲೆ ಬರುತ್ತಿತ್ತು, ಎಲ್ಲರಿಗೂ ಖುಷಿ. ಲೋ ಅನ್ನೋದು ಮೀಡಿಯಂಗಿಂತ ಮೇಲೆ ಕೂತಿದ್ದನ್ನು ತಿಂಗಳುಗಟ್ಟಲೆ ಯಾರೂ ಗಮನಿಸಲಿಲ್ಲ. ಗಾರ್ಡನ್ ಪೈಪಿನ ಬಗ್ಗೆ ಯಾರಿಗೆ ಚಿಂತೆ ಹೇಳಿ! ಆಮೇಲೆ ಅವರು ಕೇಳಿದರು ಅಂತ 'ಅರ್ಜೆಂಟ್' ಅಂತ ನಾಲ್ಕನೆಯದು ಸೇರಿಸಿದೆವು. ಅದು ಯು ಅಕ್ಷರದ್ದು. ಸೀದಾ ಕೆಳಗೆ.

ಡೇಟಾಬೇಸಿನ ತಪ್ಪಲ್ಲ. ಅರ್ಜೆಂಟ್ ಅಂದರೆ ಏನು ಅಂತ ಅದಕ್ಕೆ ನಾವು ಹೇಳಿರಲೇ ಇಲ್ಲ.

ಕ್ರಮವನ್ನು ನಾವೇ ಹೇಳುವುದು

ಬೇಗ ಆಗುವ ರಿಪೇರಿ ಅಂದರೆ ಕೇಸ್-ವೆನ್. ಎಸ್‌ಕ್ಯೂಎಲ್‌ನಲ್ಲಿ ಹೀಗಿರುತ್ತದೆ:

ಆರ್ಡರ್ ಬೈ ಕೇಸ್ ಪ್ರಯಾರಿಟಿ
ವೆನ್ 'ಅರ್ಜೆಂಟ್' ದೆನ್ 0
ವೆನ್ 'ಹೈ' ದೆನ್ 1
ವೆನ್ 'ಮೀಡಿಯಂ' ದೆನ್ 2
ವೆನ್ 'ಲೋ' ದೆನ್ 3
ಎಲ್ಸ್ 99 ಎಂಡ್, ಐಡಿ

ಜಾಂಗೋದಲ್ಲಿ ಇದಕ್ಕೆ ಕೇಸ್, ವೆನ್ ಅನ್ನೋ ಹೆಸರಿನವೇ ಇವೆ. ಅವನ್ನು ಆನೊಟೇಟ್ ಮಾಡಿ (ಅಂದರೆ ಒಂದು ಹೆಸರಿಟ್ಟು ಕ್ವೆರಿಗೆ ಸೇರಿಸಿ) ಆ ಹೆಸರಿನ ಮೇಲೆ ಆರ್ಡರ್ ಬೈ ಹಾಕಿ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ 'ಕೇಸ್'ಗೆ ಒಂದು ಡಿಕ್ಷನರಿ ಕೊಟ್ಟರೂ ನಡೆಯುತ್ತದೆ.

ಇಲ್ಲಿ ಜನ ಮುಗ್ಗರಿಸುವುದು ಕೊನೆಯ ಸಾಲಿನಲ್ಲಿ. ಜಾಂಗೋ ಕೇಸ್‌ಗೆ 'ಡಿಫಾಲ್ಟ್' ಕೊಡದಿದ್ದರೆ ಪಟ್ಟಿಯಲ್ಲಿ ಇಲ್ಲದ್ದಕ್ಕೆಲ್ಲ ನಲ್ (ಅಂದರೆ ಖಾಲಿ) ಬರುತ್ತದೆ. ಆ ನಲ್ ಮೇಲೆ ಕೂರುತ್ತಾ ಕೆಳಗೆ ಕೂರುತ್ತಾ ಅನ್ನೋದು ಡೇಟಾಬೇಸ್ ಮೇಲೆ ಹೋಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಡಿಫಾಲ್ಟ್ ಕೊಡಿ, ಯಾವಾಗಲೂ ಕೊಡಿ.

ಮೈಎಸ್‌ಕ್ಯೂಎಲ್‌ನವರು 'ಫೀಲ್ಡ್' ಫಂಕ್ಷನ್ ಬಳಸುತ್ತಾರೆ, ಬರೆಯೋಕೆ ಚಿಕ್ಕದು. ಆದರೆ ಪಟ್ಟಿಯಲ್ಲಿ ಇಲ್ಲದ ವ್ಯಾಲ್ಯೂಗೆ ಅದು 0 ಕೊಡುತ್ತದೆ. 0 ಅಂದರೆ ಎಲ್ಲಕ್ಕಿಂತ ಮೇಲೆ. ನಾಳೆ ಯಾರೋ ಹೊಸ ಸ್ಟೇಟಸ್ ಸೇರಿಸಿದರೆ ಅದು ವಿಐಪಿ ಥರ ಮೊದಲ ಸಾಲಿಗೆ ಬಂದು ನಿಲ್ಲುತ್ತದೆ. ರೈಲ್ಸ್ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) 7ರಲ್ಲಿ ಬಂದ 'ಇನ್ ಆರ್ಡರ್ ಆಫ್' ಇನ್ನೂ ಮೋಸ: ನೀವು ಕೊಟ್ಟ ಪಟ್ಟಿಯಲ್ಲಿ ಇಲ್ಲದ ಸಾಲುಗಳನ್ನು ಅದು ಸಾರ್ಟ್ ಮಾಡುವುದಿಲ್ಲ, ಹೊರಗೇ ಹಾಕುತ್ತದೆ. ಪಟ್ಟಿಯಲ್ಲಿ ಸಾಲುಗಳು ಕಡಿಮೆ ಬರುತ್ತಿವೆ ಅಂದರೆ ಅಲ್ಲಿ ನೋಡಿ.

ಈನಮ್ (ಇಂತಿಷ್ಟೇ ಪದಗಳು ಅಂತ ಮೊದಲೇ ಗೊತ್ತು ಮಾಡಿದ ಕಾಲಂ ಬಗೆ) ಬಳಸುವವರಿಗೆ ಒಂದು ಮಾತು. ಪೋಸ್ಟ್‌ಗ್ರೆಸ್‌ನ ಈನಮ್ ನೀವು ಬರೆದ ಕ್ರಮದಲ್ಲೇ ಸಾರ್ಟ್ ಆಗುತ್ತದೆ, ಅಕ್ಷರಮಾಲೆ ಪ್ರಕಾರ ಅಲ್ಲ. ಚೆನ್ನಾಗಿದೆ. ಆದರೆ ಆಮೇಲೆ ಹೊಸದನ್ನು ಸೇರಿಸುವಾಗ 'ಬಿಫೋರ್' ಅಥವಾ 'ಆಫ್ಟರ್' ಹೇಳದಿದ್ದರೆ ಅದು ಕೊನೆಗೆ ಹೋಗುತ್ತದೆ. ಅಂದರೆ ನಮ್ಮ ಅರ್ಜೆಂಟ್ ಕಥೆ ಅಲ್ಲೂ ಹೀಗೇ ಆಗುತ್ತಿತ್ತು. ಎಸ್‌ಕ್ಯೂಎಲ್‌ಆಲ್ಕೆಮಿಯ ಈನಮ್ ಪೋಸ್ಟ್‌ಗ್ರೆಸ್‌ನಲ್ಲಿ ನಿಜವಾದ ಈನಮ್ ಆಗುತ್ತದೆ, ಎಸ್‌ಕ್ಯೂಲೈಟ್‌ನಲ್ಲಿ (ಒಂದೇ ಫೈಲಿನ ಪುಟ್ಟ ಡೇಟಾಬೇಸ್) ಬರೀ ಅಕ್ಷರದ ಕಾಲಂ ಆಗುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು ಕ್ರಮ, ಸರ್ವರ್‌ನಲ್ಲಿ ಇನ್ನೊಂದು. 'ನನ್ನ ಮೆಷಿನ್‌ನಲ್ಲಿ ಸರಿ ಇದೆ' ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ.

ಕೇಸ್-ವೆನ್ ಹಾಕಿದರೂ ಏನೂ ಬದಲಾಗಲಿಲ್ಲ

ಇದೂ ನನಗೇ ಆಗಿದ್ದು. ಬರೆದೆ, ಡಿಪ್ಲಾಯ್ ಮಾಡಿದೆ, ಪಟ್ಟಿ ಹಾಗೇ ಇದೆ. ಎಸ್‌ಕ್ಯೂಎಲ್ ನೋಡಿದರೆ ನನ್ನ ಕೇಸ್ ಮಾಯ. ಕಾರಣ, ಜಾಂಗೋದಲ್ಲಿ ಪ್ರತಿ ಆರ್ಡರ್ ಬೈ ಹಿಂದಿನ ಆರ್ಡರ್ ಬೈಯನ್ನು ಅಳಿಸಿಹಾಕುತ್ತದೆ. ನಾನು ಮ್ಯಾನೇಜರ್‌ನಲ್ಲಿ (ಮಾಡೆಲ್‌ನ ಕ್ವೆರಿಗಳು ಶುರುವಾಗುವ ಜಾಗ) ಕೇಸ್ ಹಾಕಿದ್ದೆ, ವ್ಯೂನಲ್ಲಿ (ಪೇಜ್ ತಯಾರಿಸುವ ಕೋಡ್) ಇನ್ಯಾರೋ ಯಾವತ್ತೋ 'ಹೊಸದು ಮೊದಲು' ಅಂತ ತಾರೀಖಿನ ಆರ್ಡರ್ ಬೈ ಹಾಕಿದ್ದರು. ಕೊನೆಗೆ ಬಂದದ್ದೇ ಗೆದ್ದಿತು. (ಆ 'ಇನ್ಯಾರೋ' ಯಾರು ಅಂತ ಗಿಟ್ ಬ್ಲೇಮ್ ಮಾಡಿ ನೋಡಿದೆ. ನಾನೇ.)

ಬೇರೆ ಓಆರ್‌ಎಂಗಳಲ್ಲಿ ಇದು ಉಲ್ಟಾ. ಎಸ್‌ಕ್ಯೂಎಲ್‌ಆಲ್ಕೆಮಿ ಮತ್ತು ಆಕ್ಟಿವ್ ರೆಕಾರ್ಡ್ (ರೈಲ್ಸ್‌ನ ಓಆರ್‌ಎಂ) ಎರಡರಲ್ಲೂ ಆರ್ಡರ್‌ಗಳು ಒಂದರ ಹಿಂದೆ ಒಂದು ಸೇರುತ್ತಾ ಹೋಗುತ್ತವೆ. ಮಾಡೆಲ್‌ನ ಡಿಫಾಲ್ಟ್ ಸ್ಕೋಪ್‌ನಲ್ಲಿ ತಾರೀಖು ಇದ್ದರೆ ನಿಮ್ಮ ಪ್ರಯಾರಿಟಿ ಎರಡನೆಯದಾಗುತ್ತದೆ, ತಾರೀಖುಗಳು ಒಂದೇ ಆದಾಗ ಮಾತ್ರ ಅದಕ್ಕೆ ಕೆಲಸ. ಅಂದರೆ ಇದ್ದೂ ಇಲ್ಲದ ಹಾಗೆ. ಅಲ್ಲಿ 'ರೀಆರ್ಡರ್' ಬಳಸಬೇಕು, ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಮೊದಲು 'ನನ್' ಕೊಟ್ಟು ಅಳಿಸಿ ಆಮೇಲೆ ಹೊಸದನ್ನು ಹಾಕಬೇಕು.

ಜಾಂಗೋದ ಮೆಟಾ ಆರ್ಡರಿಂಗ್ (ಮಾಡೆಲ್‌ನಲ್ಲೇ ಬರೆದಿಟ್ಟ ಡಿಫಾಲ್ಟ್ ಕ್ರಮ) ಕೂಡ ಕೆಲವೊಮ್ಮೆ ಹಿಂದಿನ ಬಾಗಿಲಿಂದ ಬರುತ್ತದೆ. ಫಾರಿನ್ ಕೀ (ಇನ್ನೊಂದು ಟೇಬಲಿನ ಸಾಲನ್ನು ತೋರಿಸುವ ಕಾಲಂ) ಮೇಲೆ, ಉದಾಹರಣೆಗೆ 'ಬ್ಲಾಕ್' ಮೇಲೆ ಆರ್ಡರ್ ಬೈ ಹಾಕಿದರೆ, ಅದು ಐಡಿ ಮೇಲೆ ಸಾರ್ಟ್ ಆಗುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ. ಬ್ಲಾಕ್ ಮಾಡೆಲ್‌ಗೆ ತನ್ನದೇ ಮೆಟಾ ಆರ್ಡರಿಂಗ್ ಇದ್ದರೆ ಜಾಂಗೋ ಜಾಯಿನ್ ಮಾಡಿ ಅದನ್ನು ಬಳಸುತ್ತದೆ. ಐಡಿಯೇ ಬೇಕಿದ್ದರೆ 'ಬ್ಲಾಕ್ ಅಂಡರ್‌ಸ್ಕೋರ್ ಐಡಿ' ಅಂತ ಬರೆಯಿರಿ. ಜೊತೆಗೆ, ಒಂದು ಕಂಪ್ಲೇಂಟಿಗೆ ಹಲವು ಕಾಮೆಂಟ್ ಇರುವ ಕಡೆ ಕಾಮೆಂಟಿನ ತಾರೀಖಿನ ಮೇಲೆ ಸಾರ್ಟ್ ಮಾಡಿದರೆ ಅದೇ ಕಂಪ್ಲೇಂಟ್ ನಾಲ್ಕು ಸಲ ಬರುತ್ತದೆ. ಡಿಸ್ಟಿಂಕ್ಟ್ ಹಾಕಿದರೂ ಹೋಗುವುದಿಲ್ಲ, ಯಾಕೆಂದರೆ ಸಾರ್ಟ್ ಮಾಡುವ ಕಾಲಂ ಕೂಡ ಸೆಲೆಕ್ಟ್ ಒಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಕೊನೆಯ ಕಾಮೆಂಟಿನ ತಾರೀಖನ್ನು 'ಮ್ಯಾಕ್ಸ್' ಮಾಡಿ ಆನೊಟೇಟ್ ಮಾಡಿ.

ನಲ್ ಎಲ್ಲಿ ಕೂರುತ್ತದೆ

ಪ್ಲಂಬರ್ ಬರುವ ಹೊತ್ತಿನ ಪ್ರಕಾರ ಸಾರ್ಟ್ ಮಾಡಿ ಅಂತ ಕೇಳಿದರು. ಇನ್ನೂ ಹೊತ್ತು ಗೊತ್ತಾಗದ ಕಂಪ್ಲೇಂಟುಗಳಿಗೆ ಆ ಕಾಲಂ ನಲ್. ಪೋಸ್ಟ್‌ಗ್ರೆಸ್ ನಲ್ ಅನ್ನು ಎಲ್ಲಕ್ಕಿಂತ ದೊಡ್ಡದು ಅಂತ ಎಣಿಸುತ್ತದೆ: ಏರಿಕೆಯಲ್ಲಿ ಕೊನೆಗೆ, ಇಳಿಕೆಯಲ್ಲಿ ಮೊದಲಿಗೆ. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್ ಎರಡೂ ಚಿಕ್ಕದು ಅಂತ ಎಣಿಸುತ್ತವೆ: ಏರಿಕೆಯಲ್ಲೇ ಮೊದಲಿಗೆ. ಹಾಗಾಗಿ ಪೋಸ್ಟ್‌ಗ್ರೆಸ್‌ನಲ್ಲಿ ಮೈನಸ್ ಹಾಕಿ ಕ್ರಮ ತಿರುಗಿಸಿದ ದಿನವೇ ಖಾಲಿ ಸಾಲುಗಳೆಲ್ಲ ತಲೆ ಮೇಲೆ ಬಂದು ಕೂತರೆ ಆಶ್ಚರ್ಯ ಪಡಬೇಡಿ.

ಎಲ್ಲಿ ಬೇಕು ಅಂತ ಬಾಯಿಬಿಟ್ಟು ಹೇಳಿ. ಜಾಂಗೋದಲ್ಲಿ 'ಎಫ್' ಮೇಲೆ 'ಡೆಸ್ಕ್' ಕರೆದು 'ನಲ್ಸ್ ಲಾಸ್ಟ್' ಟ್ರೂ ಅನ್ನಿ, 1.11ರಿಂದ ಇದೆ. ಎಸ್‌ಕ್ಯೂಲೈಟ್‌ಗೆ 'ನಲ್ಸ್ ಲಾಸ್ಟ್' ಬಂದಿದ್ದು 3.30ರಲ್ಲಿ, 2019ರಲ್ಲಿ. ಮೈಎಸ್‌ಕ್ಯೂಎಲ್‌ಗೆ ಆ ಮಾತು ಗೊತ್ತಿಲ್ಲ. ಅಲ್ಲಿ ಜಾಂಗೋ 'ಈಸ್ ನಲ್' ಅಂತ ಮುಂದೆ ಒಂದು ಸೇರಿಸಿ ಅದೇ ಕೆಲಸ ಮಾಡಿಸಿಕೊಳ್ಳುತ್ತದೆ.

ಒಂದೇ ಕಂಪ್ಲೇಂಟ್ ಎರಡು ಪೇಜಿನಲ್ಲಿ

ಇದು ಬಂದಾಗ ಜನ ಪೇಜಿನೇಟರ್ ಬೈಯುತ್ತಾರೆ. ಪಾಪ ಅದೇನೂ ಮಾಡಿರುವುದಿಲ್ಲ. ಹೈ ಅನ್ನುವ ಕಂಪ್ಲೇಂಟುಗಳು 60 ಇವೆ ಅಂದುಕೊಳ್ಳಿ, ಪೇಜಿಗೆ 25. ಆ 60ರಲ್ಲಿ ಯಾವುದು ಮೊದಲು ಅಂತ ನೀವು ಹೇಳಿಲ್ಲ. ಪೇಜ್ ಒಂದು ಒಂದು ಕ್ವೆರಿ, ಪೇಜ್ ಎರಡು ಇನ್ನೊಂದು ಕ್ವೆರಿ. ಪ್ರತಿ ಸಲ ಡೇಟಾಬೇಸ್ ತನಗೆ ಅನುಕೂಲ ಕಂಡ ಹಾಗೆ ಜೋಡಿಸಬಹುದು. ಒಂದು ಸಾಲು ಎರಡು ಕಡೆ ಕಾಣುತ್ತದೆ, ಅದರ ಬದಲಿಗೆ ಇನ್ನೊಂದು ಎಲ್ಲೂ ಕಾಣುವುದಿಲ್ಲ. ಎರಡು ಸಲ ಕಂಡದ್ದನ್ನು ಜನ ಬಂದು ಹೇಳುತ್ತಾರೆ, ಕಾಣದೇ ಹೋದದ್ದನ್ನು ಯಾರು ಹೇಳಬೇಕು?

ಕೊನೆಗೆ ಐಡಿ ಸೇರಿಸಿ. ಮೇಲಿನ ಕೇಸ್‌ನಲ್ಲಿ 'ಎಂಡ್' ಆದಮೇಲೆ ಒಂದು 'ಐಡಿ' ಇತ್ತಲ್ಲ, ಅದು ಇದಕ್ಕೇ. ಜಾಂಗೋ ಅಡ್ಮಿನ್ ಕ್ರಮ ಖಚಿತವಾಗಿಲ್ಲ ಅನ್ನಿಸಿದರೆ ತಾನೇ ಕೊನೆಗೆ ಪ್ರೈಮರಿ ಕೀ ಸೇರಿಸಿಕೊಳ್ಳುತ್ತದೆ. ಅದಕ್ಕೇ 'ಅಡ್ಮಿನ್‌ನಲ್ಲಿ ಸರಿ ಇದೆ, ಆಪ್‌ನಲ್ಲಿ ಮಾತ್ರ ತಪ್ಪು' ಅನ್ನೋ ದೂರು ಬರುತ್ತದೆ. ಲಾಗ್‌ನಲ್ಲಿ 'ಅನ್‌ಆರ್ಡರ್ಡ್ ಆಬ್ಜೆಕ್ಟ್ ಲಿಸ್ಟ್ ವಾರ್ನಿಂಗ್' ಅಂತ ಬಂದಿದ್ದರೆ ಅದನ್ನು ನುಂಗಿಕೊಂಡು ಸುಮ್ಮನಾಗಬೇಡಿ. ಅದು ಬರುವುದು ಕ್ರಮವೇ ಇಲ್ಲದಾಗ ಮಾತ್ರ, ಅರ್ಧ ಕ್ರಮ ಇದ್ದರೆ ಅದೂ ಬಾಯಿ ಬಿಡುವುದಿಲ್ಲ.

ಐಡಿಗಳ ಪಟ್ಟಿ ಕೊಟ್ಟು ತಂದಾಗ

ಸರ್ಚ್ ಎಂಜಿನ್ ನಿಮಗೆ 42, 7, 19 ಅಂತ ಹತ್ತಿರದ ಹೊಂದಿಕೆಯ ಕ್ರಮದಲ್ಲಿ ಐಡಿ ಕೊಡುತ್ತದೆ. ನೀವು 'ಐಡಿ ಇನ್' ಅಂತ ಓಆರ್‌ಎಂಗೆ ಕೊಟ್ಟು ಸಾಲುಗಳನ್ನು ತರುತ್ತೀರಿ. 'ಇನ್' ಅನ್ನೋದು ಕ್ರಮ ನೋಡುವುದಿಲ್ಲ, ಅದು ಬರೀ ಜರಡಿ. ಸಣ್ಣ ಪಟ್ಟಿಗೆ ನನ್ನ ಸಲಹೆ: 'ಇನ್ ಬಲ್ಕ್' ಮಾಡಿ ಡಿಕ್ಷನರಿ ತೆಗೆದುಕೊಂಡು, ಪೈಥಾನ್‌ನಲ್ಲೇ ಮೂಲ ಪಟ್ಟಿಯ ಕ್ರಮದಲ್ಲಿ ಜೋಡಿಸಿ. ಡಿಲೀಟ್ ಆಗಿರುವ ಐಡಿ ಸಿಕ್ಕದೇ ಹೋಗಬಹುದು, ಅದನ್ನು ಬಿಟ್ಟು ಮುಂದೆ ಹೋಗಿ. ಡೇಟಾಬೇಸ್ ಒಳಗೇ ಆಗಬೇಕು ಅಂದರೆ ಪೋಸ್ಟ್‌ಗ್ರೆಸ್ 9.5ರಿಂದ 'ಅರೇ ಪೊಸಿಷನ್' ಇದೆ. ಎರಡು ಸಾವಿರ ವೆನ್ ಇರುವ ಕೇಸ್ ಮಾತ್ರ ಬರೆಯಬೇಡಿ. ನಾನು ಒಂದು ಕಡೆ ನೋಡಿದ್ದೇನೆ, ಕ್ವೆರಿ ಲಾಗ್ ತೆರೆದರೆ ಎಡಿಟರ್ರೇ ನಿಂತುಹೋಗುತ್ತಿತ್ತು.

ಸರ್ವರ್ ಸರಿ, ಬ್ರೌಸರ್ ತಪ್ಪು

ಡೇಟಾಬೇಸಿನಲ್ಲಿ ಸರಿ, ಏಪಿಐ ಉತ್ತರದಲ್ಲೂ ಸರಿ, ಪರದೆಯಲ್ಲಿ ತಪ್ಪು. ಉತ್ತರವನ್ನು ಪಟ್ಟಿಯಾಗಿ ಕಳಿಸುತ್ತಿದ್ದೀರಾ, ಐಡಿ ಕೀ ಇರುವ ಆಬ್ಜೆಕ್ಟ್ ಆಗಿ ಕಳಿಸುತ್ತಿದ್ದೀರಾ ನೋಡಿ. ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ನಲ್ಲಿ ಪೂರ್ಣಾಂಕದ ಹಾಗಿರುವ ಕೀಗಳು ಯಾವಾಗಲೂ ಏರಿಕೆ ಕ್ರಮದಲ್ಲಿ ಬರುತ್ತವೆ. 42, 7, 19 ಕಳಿಸಿದರೆ 7, 19, 42 ಆಗುತ್ತದೆ. ಬ್ರೌಸರ್ ಹುಡುಗನ ಜೊತೆ ಜಗಳ ಆಡಿದೆ ಅಂದೆನಲ್ಲ, ಅವತ್ತು ತಪ್ಪು ನನ್ನದು, ಆದರೆ ಎರಡು ತಿಂಗಳ ಮೇಲೆ ಇದು ನಿಜವಾಗಿ ಅವನ ಕಡೆಯಿಂದಲೇ ಬಂತು. ಅಷ್ಟರಲ್ಲಿ ಜಗಳ ಆಡುವ ಮುಖ ನನಗಿರಲಿಲ್ಲ. ಜೊತೆಗೆ ಜಾವಾಸ್ಕ್ರಿಪ್ಟ್‌ನ 'ಸಾರ್ಟ್'ಗೆ ಏನೂ ಹೇಳದಿದ್ದರೆ ಅಂಕಿಗಳನ್ನೂ ಅಕ್ಷರದ ಹಾಗೆ ಹೋಲಿಸುತ್ತದೆ, 10 ಹೋಗಿ 9ರ ಮುಂದೆ ನಿಲ್ಲುತ್ತದೆ.

ಕನ್ನಡ ಹೆಸರುಗಳು, ಫ್ಲಾಟ್ ನಂಬರುಗಳು

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇಂಗ್ಲಿಷ್ ಡಾಕ್ಯುಮೆಂಟೇಷನ್‌ನಲ್ಲಿ ನಮ್ಮ ಅಕ್ಷರದ ಉದಾಹರಣೆ ಸಿಗುವುದಿಲ್ಲ.

ಏರಿಯಾ ಪಟ್ಟಿಯನ್ನು ಕನ್ನಡದಲ್ಲಿ ತೋರಿಸಿದಾಗ ಬನಶಂಕರಿ, ಬಳೇಪೇಟೆ, ಬಸವನಗುಡಿ ಅಂತ ಬಂತು. ತಪ್ಪು. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ, ಕೊನೆಗೆ. ಅಂದರೆ ಬಸವನಗುಡಿ ಮೊದಲು, ಆಮೇಲೆ ಬಳೇಪೇಟೆ. ಆದರೆ ಯೂನಿಕೋಡ್ ಕೋಷ್ಟಕದಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವ, ಶ, ಷ, ಸ, ಹ ಎಲ್ಲಕ್ಕಿಂತ ಮುಂಚೆ. ಡೇಟಾಬೇಸಿನ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) 'ಸಿ' ಆಗಿದ್ದರೆ ಅದು ಕೋಷ್ಟಕದ ಸಂಖ್ಯೆಯನ್ನಷ್ಟೇ ನೋಡುತ್ತದೆ, ವರ್ಣಮಾಲೆ ಅದಕ್ಕೆ ಗೊತ್ತಿಲ್ಲ. ಪೈಥಾನ್‌ನ 'ಸಾರ್ಟೆಡ್' ಕೂಡ ಹೀಗೇ.

ಪೋಸ್ಟ್‌ಗ್ರೆಸ್ 10ರಿಂದ ಐಸಿಯು (ಭಾಷೆಗಳ ಅಕ್ಷರಕ್ರಮ ಗೊತ್ತಿರುವ ಲೈಬ್ರರಿ) ಕೊಲೇಷನ್‌ಗಳು ಇವೆ, ಕನ್ನಡದ್ದೂ ಇದೆ. ಜಾಂಗೋ 3.2ರಿಂದ 'ಕೊಲೇಟ್' ಫಂಕ್ಷನ್ ಬಳಸಿ ಒಂದು ಕ್ವೆರಿಗೆ ಮಾತ್ರ ಅದನ್ನು ಹಚ್ಚಬಹುದು, ಇಲ್ಲಾ ಕಾಲಂಗೇ 'ಡಿಬಿ ಕೊಲೇಷನ್' ಕೊಡಬಹುದು. ಹಾಕಿದ ಮೇಲೆ ಬಸವನಗುಡಿ, ಬಳೇಪೇಟೆ ಎರಡನ್ನೇ ಇಟ್ಟುಕೊಂಡು ನಿಮ್ಮ ಸರ್ವರ್‌ನಲ್ಲಿ ಓಡಿಸಿ ನೋಡಿ, ಸಾವಿರ ಸಾಲು ಬೇಡ.

ಫ್ಲಾಟ್ ನಂಬರ್ ಇನ್ನೊಂದು ತಲೆನೋವು. ಎ-1, ಎ-10, ಎ-11, ಎ-2. ಅಕ್ಷರದ ಕಾಲಂ ಆದ್ದರಿಂದ 1 ಆದಮೇಲೆ 10 ಬರುತ್ತದೆ. ಬ್ಲಾಕ್ ಒಂದು ಕಾಲಂ, ನಂಬರ್ ಇನ್ನೊಂದು ಪೂರ್ಣಾಂಕದ ಕಾಲಂ ಅಂತ ಮೊದಲೇ ಮಾಡಿದ್ದರೆ ಈ ಗೋಳಿಲ್ಲ. ಆಗಲೇ ಡೇಟಾ ತುಂಬಿಹೋಗಿದ್ದರೆ ಐಸಿಯುನಲ್ಲಿ ಅಂಕಿಗಳನ್ನು ಅಂಕಿಗಳ ಹಾಗೇ ಹೋಲಿಸುವ ಒಂದು ಆಯ್ಕೆ ಇದೆ. ಆ ಆಯ್ಕೆಯ ಹೆಸರು 'ಕೆ ಎನ್'. ಕನ್ನಡ ಭಾಷೆಯ ಕೋಡ್ ಕೂಡ 'ಕೆ ಎನ್'! ಹಾಗಾಗಿ ಕನ್ನಡಕ್ಕೆ ಅದನ್ನು ಬರೆದರೆ 'ಕೆಎನ್-ಯು-ಕೆಎನ್-ಟ್ರೂ' ಆಗುತ್ತದೆ. ಮೊದಲ ಸಲ ನೋಡಿದಾಗ ಯಾರೋ ತಪ್ಪಾಗಿ ಎರಡು ಸಲ ಟೈಪ್ ಮಾಡಿದ್ದಾರೆ ಅಂತ ಒಂದನ್ನು ಅಳಿಸಿಬಿಟ್ಟಿದ್ದೆ. ಮೊದಲ ಕೆಎನ್ ಭಾಷೆ, ಎರಡನೆಯ ಕೆಎನ್ ಅಂಕಿ. ಎರಡೂ ಬೇಕು.

ಕೊಲೇಷನ್ ಸರಿ ಇದ್ದೂ ಒಂದೆರಡು ಹೆಸರು ಮಾತ್ರ ತಪ್ಪು ಜಾಗದಲ್ಲಿದ್ದರೆ ಡೇಟಾ ನೋಡಿ. ಎಕ್ಸೆಲ್‌ನಿಂದ ಅಂಟಿಸಿದಾಗ ಮುಂದೆ ಒಂದು ಖಾಲಿ ಜಾಗ ಬಂದಿರುತ್ತದೆ. ಇಲ್ಲಾ ಒಬ್ಬರು 'ಲೇಔಟ್' ಅಂತಲೂ ಇನ್ನೊಬ್ಬರು 'ಲೇಯೌಟ್' ಅಂತಲೂ ಬರೆದಿರುತ್ತಾರೆ, ಇದಕ್ಕೆ ಯಾವ ಓಆರ್‌ಎಂ ಬಳಿಯೂ ಔಷಧಿ ಇಲ್ಲ. ಮತ್ತೆ, ಸರ್ವರ್‌ನ ಲಿನಕ್ಸ್ ಅಪ್‌ಗ್ರೇಡ್ ಆದ ಮಾರನೇ ದಿನ ಸಾರ್ಟ್ ಅಥವಾ ಹುಡುಕಾಟ ಕೆಟ್ಟರೆ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) ಮೇಲೆ ಕಣ್ಣಿಡಿ. 2018ರಲ್ಲಿ ಬಂದ 2.28 ಆವೃತ್ತಿ ಅಕ್ಷರಗಳ ಕ್ರಮವನ್ನೇ ಬದಲಿಸಿತು. ಹಳೇ ಕ್ರಮದಲ್ಲಿ ಕಟ್ಟಿದ ಇಂಡೆಕ್ಸುಗಳನ್ನು ಮತ್ತೆ ಕಟ್ಟಬೇಕಾಯಿತು, 'ರೀಇಂಡೆಕ್ಸ್' ಇಲ್ಲದೆ ಗತಿ ಇರಲಿಲ್ಲ.

ಬಳಕೆದಾರರೇ ಕ್ರಮ ಆರಿಸಿದಾಗ

ಯುಆರ್‌ಎಲ್‌ನಲ್ಲಿ ಬಂದ ಸಾರ್ಟ್ ಹೆಸರನ್ನು ಸೀದಾ ಆರ್ಡರ್ ಬೈಗೆ ಕೊಡಬೇಡಿ. ಓಆರ್‌ಎಂ ಕಾಯುತ್ತದೆ ಅಂತ ನಂಬಬೇಡಿ. 2021ರಲ್ಲಿ ಜಾಂಗೋ 3.1 ಮತ್ತು 3.2ರ ಆರ್ಡರ್ ಬೈಯಲ್ಲೇ ಎಸ್‌ಕ್ಯೂಎಲ್ ಇಂಜೆಕ್ಷನ್ (ಹೊರಗಿನವರು ತಮ್ಮ ಎಸ್‌ಕ್ಯೂಎಲ್ ತೂರಿಸುವ) ತೂತು ಸಿಕ್ಕಿತ್ತು, ಸಿವಿಇ-2021-35042 ಅಂತ ಅದರ ನಂಬರ್. 3.1.13 ಮತ್ತು 3.2.5ರಲ್ಲಿ ಮುಚ್ಚಿದರು. ಒಂದು ಸಣ್ಣ ಡಿಕ್ಷನರಿ ಇಟ್ಟುಕೊಳ್ಳಿ: ಹೊರಗಿನ ಹೆಸರು ಎಡಕ್ಕೆ, ನಿಮ್ಮ ಆರ್ಡರ್ ಬಲಕ್ಕೆ. ಅದರಲ್ಲಿ ಇಲ್ಲದ್ದು ಬಂದರೆ ಡಿಫಾಲ್ಟ್ ಕ್ರಮ.

ನಾವು ಕೊನೆಗೆ ಏನು ಮಾಡಿದೆವು

ಅಜ್ಜಿಯ ದಿನ ಸಂಜೆ ಕೇಸ್-ವೆನ್ ಹಾಕಿ ಕಳಿಸಿದೆವು. ನಿಧಾನ ಆಗುತ್ತಾ ಅಂತ ಭಯ ಇತ್ತು, ಯಾಕೆಂದರೆ ಸಾಮಾನ್ಯ ಇಂಡೆಕ್ಸ್ ಕೇಸ್‌ನ ಸಾರ್ಟ್‌ಗೆ ಸಹಾಯ ಮಾಡುವುದಿಲ್ಲ. ಜಾಂಗೋದ 'ಎಕ್ಸ್‌ಪ್ಲೇನ್' ಕರೆದು ನೋಡಿದೆ. ಮುಗಿಯದ ಕಂಪ್ಲೇಂಟುಗಳು ಕೆಲವು ನೂರು ಮಾತ್ರ, ಅಷ್ಟಕ್ಕೆ ಏನೂ ಆಗುವುದಿಲ್ಲ. ಲಕ್ಷಗಟ್ಟಲೆ ಸಾಲು ಇದ್ದರೆ ಬೇರೆ ಮಾತು.

ಆಮೇಲೆ ನಿಧಾನವಾಗಿ ಪ್ರಯಾರಿಟಿಯನ್ನೇ ಬೇರೆ ಟೇಬಲ್ ಮಾಡಿದೆವು: ಹೆಸರು, ಬಣ್ಣ, ಮತ್ತು 'ರ್‍ಯಾಂಕ್' ಅಂತ ಒಂದು ಅಂಕಿ. ಅರ್ಜೆಂಟ್ 10, ಹೈ 20, ಮೀಡಿಯಂ 30, ಲೋ 40. ಸಾರ್ಟ್ ರ್‍ಯಾಂಕ್ ಮೇಲೆ, ಆಮೇಲೆ ಐಡಿ. ಟೆಸ್ಟ್ ಒಂದು ಬರೆದೆವು, ಅದು ಕಂಪ್ಲೇಂಟುಗಳನ್ನು ಬೇಕಂತಲೇ ಅಡ್ಡಾದಿಡ್ಡಿ ಸೇರಿಸಿ, ಕೆಲವನ್ನು ಅಪ್‌ಡೇಟ್ ಮಾಡಿ, ಆಮೇಲೆ ಪಟ್ಟಿಯನ್ನು ನೋಡುತ್ತದೆ. ಎಸ್‌ಕ್ಯೂಲೈಟ್ ಮೇಲಲ್ಲ, ಪೋಸ್ಟ್‌ಗ್ರೆಸ್ ಮೇಲೇ ಓಡುತ್ತದೆ. ಹಳೇ ಟೆಸ್ಟ್‌ನಲ್ಲಿ ಹೈ, ಲೋ ಅಂತ ಎರಡೇ ಇದ್ದವು, ಅದು ಯಾವತ್ತೂ ಪಾಸ್ ಆಗುತ್ತಿತ್ತು.

ಏಪ್ರಿಲ್‌ನಲ್ಲಿ ಅದೇ ಸೂಪರ್‌ವೈಸರ್ ಮತ್ತೆ ಫೋನ್ ಮಾಡಿದರು. "ಸಾರ್, ಬೋರ್ ಬತ್ತೋಗಿದೆ. ಟ್ಯಾಂಕರ್ ಬಂದಿಲ್ಲ ಅನ್ನೋ ಕಂಪ್ಲೇಂಟು ಮಾತ್ರ ಅರ್ಜೆಂಟಿಗಿಂತ ಮೇಲೆ ಬರೋ ಹಾಗೆ ಮಾಡಿಕೊಡಿ. ಲಿಫ್ಟ್ ಇಲ್ದಿದ್ರೆ ಮೆಟ್ಟಿಲಾದ್ರೂ ಇದೆ." ಕೋಡ್ ಮುಟ್ಟಲಿಲ್ಲ. ಟೇಬಲ್‌ನಲ್ಲಿ ಇನ್ನೊಂದು ಸಾಲು ಸೇರಿಸಿದೆ, ರ್‍ಯಾಂಕ್ 5.